ಪ್ರೇಮ ಕಾದಂಬರಿ ಬರೆಯುವವರು ಮೊದಲು ಹುಡುಕಬೇಕಾದ್ದು ಅಡ್ಡಿಯನ್ನು

ಪ್ರೇಮ ಕಾದಂಬರಿ ಬರೆಯಲು ಕೂತ ಹೆಚ್ಚಿನವರು ಮೊದಲು ನಾಯಕಿಯ ರೂಪ, ನಾಯಕನ ಗತ್ತು, ಇಬ್ಬರ ಮೊದಲ ಭೇಟಿ ಬರೆದಿಟ್ಟುಕೊಳ್ಳುತ್ತಾರೆ. ಇವೆಲ್ಲ ಆಮೇಲೂ ಸಿಗುತ್ತವೆ. ಮೊದಲು ಸಿಗಬೇಕಾದ್ದು, ಪರಸ್ಪರ ಇಷ್ಟಪಟ್ಟ ಮೇಲೂ ಇವರು ಒಂದಾಗಲು ಯಾಕೆ ಆಗುತ್ತಿಲ್ಲ ಎಂಬುದಕ್ಕೆ ಉತ್ತರ. ಅಡ್ಡಿ ಗಟ್ಟಿಯಾಗಿದ್ದರೆ 40 ಸಾವಿರ ಪದಗಳಿಗೆ ಬೇಕಾದ ಸರಕು ಅದರಿಂದಲೇ ಹುಟ್ಟುತ್ತದೆ. ಸಡಿಲವಾಗಿದ್ದರೆ ಆರನೇ ಅಧ್ಯಾಯದ ಹೊತ್ತಿಗೆ ಅಪಘಾತ, ಕಾಯಿಲೆ, ಹೊಟ್ಟೆಕಿಚ್ಚಿನ ಅತ್ತೆ ಮಗಳು ಎಲ್ಲವನ್ನೂ ಕರೆತರಬೇಕಾಗುತ್ತದೆ.

ಗಟ್ಟಿಯೋ ಅಲ್ಲವೋ ತಿಳಿಯಲು ಒಂದು ಪರೀಕ್ಷೆ ಸಾಕು. ಇಬ್ಬರೂ ಹತ್ತು ನಿಮಿಷ ಫೋನಿನಲ್ಲಿ ಮನಸ್ಸು ಬಿಚ್ಚಿ ಮಾತಾಡಿದರೆ ಅದು ಬಗೆಹರಿಯುತ್ತದೆಯೇ? ಹೌದಾದರೆ ಅದು ತಪ್ಪು ತಿಳಿವಳಿಕೆ ಅಷ್ಟೇ. ಒಂದು ಅಧ್ಯಾಯಕ್ಕಾಗುತ್ತದೆ, ಕಾದಂಬರಿಗೆ ಸಾಲದು. ಜಾತಿ, ಅಂತಸ್ತು, ಜಾತಕ ಇವು ಹೊರಗಿನ ಅಡ್ಡಿಗಳು. ಪಾತ್ರ ತನಗೆ ತಾನೇ ಒಡ್ಡಿಕೊಂಡ ಒಳಗಿನ ಅಡ್ಡಿಯೂ ಜೊತೆಗಿರಬೇಕು. ಮನಶ್ಶಾಸ್ತ್ರ ಓದಿದ್ದ ಕಾದಂಬರಿಕಾರ್ತಿ ತ್ರಿವೇಣಿಯವರು (1928–1963) ಕನ್ನಡದ ಜನಪ್ರಿಯ ಕಾದಂಬರಿಗೆ ಕೊಟ್ಟ ದೊಡ್ಡ ಕೊಡುಗೆ ಈ ಒಳಗಿನ ಅಡ್ಡಿಯೇ.

ಒಂದು ಕಥೆ ಕಟ್ಟಿ ನೋಡೋಣ. ಮೂಡಿಗೆರೆ ಕಡೆಯ ಹತ್ತು ಎಕರೆ ರೋಬಸ್ಟಾ ಕಾಫಿ ತೋಟದ ಮನೆಮಗಳು ಸುಮಾ. ಅವಳಪ್ಪನ ಸಾಲದ ಫೈಲ್ ನೋಡುವ ಬ್ಯಾಂಕಿನ ಫೀಲ್ಡ್ ಆಫೀಸರ್ ರಘು. ಅವನ ಜೊತೆ ನಗುತ್ತಾ ಮಾತಾಡಿದರೆ ಸಾಲಕ್ಕಾಗಿ ಎಂದು ಊರು ಆಡಿಕೊಂಡೀತೆಂಬ ಅಳುಕು ಅವಳಿಗೆ. ತನ್ನ ಸಹಿಯ ಹಂಗಿನಲ್ಲಿ ಅವಳು ಒಪ್ಪಿದರೆ ಅದು ಒಪ್ಪಿಗೆಯೇ ಅಲ್ಲ ಎಂಬ ಸಂಕಟ ಅವನಿಗೆ. ಎಷ್ಟು ಮಾತಾಡಿದರೂ ಇದು ಕರಗುವುದಿಲ್ಲ. ಸಾಲ ಇರುವಷ್ಟು ದಿನ ಇರುತ್ತದೆ.

ಸರಕು ಎಲ್ಲಿಂದ

ಸ್ಫೂರ್ತಿ ಬರಲೆಂದು ಕಾಯುವ ಬದಲು ನಿಮ್ಮ ಪಾತ್ರಗಳು ದುಡಿಯುವ ಜಾಗಕ್ಕೆ ಹೋಗಿ. ಅಲ್ಲಿನ ಕೆಲಸದಲ್ಲಿ ಯಾವುದಕ್ಕೆ ಗಡುವಿದೆ, ಯಾವುದು ಕೈಕೊಡುತ್ತದೆ, ಕೈಕೊಟ್ಟರೆ ಯಾರ ಮನೆ ಅಲುಗಾಡುತ್ತದೆ ಎಂದು ಕೇಳಿ ಬರೆದುಕೊಳ್ಳಿ.

ಕಾಫಿ ತೋಟವನ್ನೇ ನೋಡಿ. ಬೇಸಿಗೆಯಲ್ಲಿ ಬಿದ್ದು ಮೊಗ್ಗು ಅರಳಿಸುವ ಹೂಮಳೆಯ ಮೇಲೆ ಇಡೀ ವರ್ಷದ ಫಸಲು ನಿಂತಿದೆ. ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಮಳೆ ನಿಂತ ಕೂಡಲೇ ಅಕ್ಕಪಕ್ಕದ ತೋಟಗಳಿಗೆ ಫೋನ್ ಹೋಗುವುದು “ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?” ಎಂದು. ಸಾಕಷ್ಟು ಬಂದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬಿಳಿಯಾಗಿ ಅರಳುತ್ತದೆ, ಮಲ್ಲಿಗೆಯಂಥ ಪರಿಮಳ. ಎರಡು ಮೂರು ದಿನಕ್ಕೆ ಹೂ ಬಾಡಿ ಕಂದುತ್ತದೆ. ಹನಿಮಳೆಯಷ್ಟೇ ಆದರೆ ಮೊಗ್ಗು ಪೂರ್ತಿ ಬಿರಿಯುವುದಿಲ್ಲ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ಹೂ ಬರಿಸುತ್ತಾರೆ. ಇಲ್ಲದವರು ಮುಗಿಲು ನೋಡುತ್ತಾರೆ. ಇನ್ನು ಹೂ ಅರಳಿದ ದಿನವೇ ಜೋರು ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿಕಟ್ಟುವುದು ಕಡಿಮೆಯಾಗುತ್ತದೆ.

ಇಷ್ಟು ಗೊತ್ತಾದ ಮೇಲೆ ಇಬ್ಬರೂ ಮಳೆಯಲ್ಲಿ ನೆನೆಯುವ ದೃಶ್ಯದ ಬಣ್ಣವೇ ಬದಲಾಗುತ್ತದೆ. ಹೂ ತುಂಬಿದ ತೋಟದಲ್ಲಿ ರಘು ಮೊದಲ ಸಲ ಮನಸ್ಸಿನ ಮಾತು ಹೇಳುವಾಗ ಮಳೆ ಶುರುವಾದರೆ, ಸುಮಾ ಅವನ ಮುಖ ನೋಡುವುದಿಲ್ಲ, ಗಿಡ ನೋಡುತ್ತಾಳೆ. ಆ ಮಳೆ ಅವಳಪ್ಪನ ಕಂತನ್ನು ತೊಳೆದುಕೊಂಡು ಹೋಗುತ್ತಿದೆ, ಕಂತು ತಪ್ಪಿದ ಫೈಲ್ ಬಂದು ಬೀಳುವುದು ಎದುರು ನಿಂತವನ ಮೇಜಿಗೇ. ವಿವರ ಸರಿಯಿದ್ದದ್ದಕ್ಕೆ ಅಡ್ಡಿ ತಾನಾಗಿ ಬಿಗಿಯಾಯಿತು.

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯಲ್ಲೂ ಇಂಥದ್ದೇ ಕಸುವಿದೆ. ಅಲ್ಲಿ ಕಟ್ಟಿದ ಹೂ ಮಾರುವ ಅಳತೆ ಅಟ್ಟೆ, ನಾಲ್ಕು ಚೆಂಡು ಹೂವಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಬದಲಾಗುತ್ತದೆ, ಮದುವೆ ದಿನಗಳಲ್ಲಿ ಏರುತ್ತದೆ. ಬೇರೆಯವರ ಮದುವೆಗೆ ಹೂ ಕಟ್ಟುವವಳ ಕಥೆಗೆ ಇನ್ನೇನು ಬೇಕು? ಆಷಾಢವನ್ನೂ ಮರೆಯಬೇಡಿ. ಅತ್ತೆ, ಹೊಸ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಮದುಮಗಳನ್ನು ತವರಿಗೆ ಕಳಿಸುವ ಪದ್ಧತಿ ಹಲವು ಕಡೆ ಇನ್ನೂ ಇದೆ. ಮದುವೆಯಾದ ಜೋಡಿಯ ನಡುವೆ ಪ್ರೇಮ ಹುಟ್ಟಿಸಲು ಅದಕ್ಕಿಂತ ಒಳ್ಳೆಯ ಒಂದು ತಿಂಗಳು ಸಿಗದು. ಉತ್ತರ ಕರ್ನಾಟಕದ ಹೆಂಗಸರು ಹಿಟ್ಟು ಬೀಸುತ್ತಾ ಹಾಡುವ ಬೀಸುವ ಪದಗಳನ್ನೂ ಓದಿ. ಗಂಡನ ಮೇಲಿನ ಆಸೆ, ಮುನಿಸು ಎರಡನ್ನೂ ಮೂರೇ ಸಾಲಲ್ಲಿ ಹೇಳಿ ಮುಗಿಸುವ ಬಿಗಿ ಅಲ್ಲಿ ಕಲಿಯಲು ಸಿಗುತ್ತದೆ.

ರಿಜಿಸ್ಟರ್ ಮದುವೆ ಬರೆಯುವಾಗ

ಹೆಚ್ಚು ಎಡವುವುದು ಇಲ್ಲೇ. ಓಡಿಹೋದ ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ದಂಪತಿಗಳಾಗುವುದು ಯಾವ ಧರ್ಮದವರಿಗೂ ಅನ್ವಯಿಸುವ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗದ ಮಾತು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು, ಮದುವೆಯಾಗುತ್ತೇವೆಂದು ನೋಟಿಸ್ ಕೊಡಬೇಕು. ನೋಟಿಸ್ ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ಯಾರದಾದರೂ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಅಧಿಕಾರಿಗೂ ಒಂದು ಪ್ರತಿ ಹೋಗಿ ಅಲ್ಲೂ ಅಂಟುತ್ತದೆ. ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಮತ್ತೆ ಮೊದಲಿಂದ. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆಯಾದರೆ ಹಿಂದೂ ವಿವಾಹ ಕಾಯ್ದೆಯ ದಾರಿಯಿದೆ, ಈ 30 ದಿನದ ಕಾಯುವಿಕೆ ಇಲ್ಲ, ಎರಡನ್ನೂ ಬೆರೆಸಬೇಡಿ. ಹೈದರಾಬಾದಿನಲ್ಲಿರುವ ಜೋಡಿಯ ನೋಟಿಸ್ ಹುಡುಗಿಯ ಊರಿನ ಕಡೆಯ ಕಚೇರಿಯ ಗೋಡೆಗೆ ಅಂಟಿ, ಜಮೀನಿನ ಕೆಲಸಕ್ಕೆ ಬಂದ ಚಿಕ್ಕಪ್ಪನ ಕಣ್ಣಿಗೆ ಬಿದ್ದರೆ ನಾಲ್ಕು ಅಧ್ಯಾಯ ಕೈಗೆ ಸಿಕ್ಕಂತೆ.

ಮಾತು, ಅಧ್ಯಾಯ, ತಿದ್ದುಪಡಿ

ಕನ್ನಡದ ಪ್ರೇಮಿಗಳು ‘ನೀವು’ಯಿಂದ ‘ನೀನು’ಗೆ ಬರುವ ಘಳಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಯಾವ ಅಧ್ಯಾಯ, ಯಾರು ಮೊದಲು, ಇನ್ನೊಬ್ಬರು ಗಮನಿಸಿದರೋ ಇಲ್ಲವೋ.

“ಕಂತಿಗೆ ಇನ್ನೊಂದು ವಾರ ಟೈಮ್ ಕೊಡ್ತೀರಾ?”
“ಕೊಡೋದು ನನ್ ಕೈಲಿಲ್ಲ. ನೀನು ಊಟ ಮಾಡಿದ್ಯಾ?”
“ಹೂಂ... ಮಾಡ್ದೆ. ನೀವು?”

ಅವನು ದಾಟಿದ, ಅವಳು ಇನ್ನೂ ಆಚೆ ದಡದಲ್ಲಿದ್ದಾಳೆ. ಇದರ ಕೆಳಗೆ “ಅವಳ ಎದೆ ಡವಗುಟ್ಟಿತು” ಎಂದು ಬರೆದರೆ ದೃಶ್ಯ ಕೆಡುತ್ತದೆ.

ವಾರಪತ್ರಿಕೆಗೋ ಪ್ರತಿಲಿಪಿಯಂಥ ಆನ್‌ಲೈನ್ ಕಥಾತಾಣಕ್ಕೋ ಧಾರಾವಾಹಿಯಾಗಿ ಬರೆಯುವುದಾದರೆ 30 ಕಂತು, ಕಂತಿಗೆ 1,300ರಿಂದ 1,500 ಪದ ಹಿಡಿಯಿರಿ. ಮೊದಲ ಕಂತು ಪ್ರಕಟಣೆಗೆ ಕೊಡುವ ಮೊದಲು ಹತ್ತಾದರೂ ಕೈಯಲ್ಲಿರಲಿ. ಕಥೆ ಸೊರಗುವುದು 12ರಿಂದ 18ನೇ ಕಂತಿನ ನಡುವೆ. ಇಬ್ಬರನ್ನೂ ದೂರ ಇಟ್ಟು ಬೇರೆಯವರ ಗೋಳು ಹೇಳಲು ಹೊರಟಿರುತ್ತೀರಿ, ಅದೇ ಕಾರಣ. ಆ ಭಾಗದಲ್ಲಿ ಇಬ್ಬರಿಗೂ ಒಟ್ಟಿಗೆ ಮಾಡಲೇಬೇಕಾದ ಒಂದು ಕೆಲಸ ಕೊಡಿ. ಸುಮಾ, ರಘು ಸೇರಿ ಮೂರು ವರ್ಷದ ಮಳೆ ಪುಸ್ತಕ, ಕೊಯ್ಲಿನ ಲೆಕ್ಕ ತಾಳೆ ಹಾಕಿ ಸಾಲದ ಕಂತು ಮುಂದೂಡುವ ಅರ್ಜಿ ತಯಾರಿಸಲಿ. ಧಾರಾವಾಹಿಯ ಪ್ರತಿ ಕಂತಿನ ಕೊನೆಯಲ್ಲಿ ಬಾಗಿಲು ಬಡಿದ ಸದ್ದು ಬೇಡ. ಒಬ್ಬರಿಗೆ ಹೊಸದಾಗಿ ತಿಳಿದು ಇನ್ನೊಬ್ಬರಿಗೆ ತಿಳಿಯದ ಸಂಗತಿ ಒಂದಿದ್ದರೆ ಓದುಗರು ಮುಂದಿನ ವಾರ ಬಂದೇ ಬರುತ್ತಾರೆ.

ಬೇಡ ಎಂದವಳ ಹಿಂದೆ ಬಿದ್ದು, ಕೈ ಎಳೆದು, ಕೊನೆಗೆ ಒಲಿಸಿಕೊಳ್ಳುವ ನಾಯಕನನ್ನು ದಯವಿಟ್ಟು ಬರೆಯಬೇಡಿ. ಅದು ಪ್ರೇಮವಲ್ಲ, ಕಿರುಕುಳ. ಅವಳ ‘ಬೇಡ’ ಎಂಬುದಕ್ಕೆ ಕಾರಣ ಬದಲಾದಾಗ ಮಾತ್ರ ಅವಳ ಉತ್ತರ ಬದಲಾಗಲಿ.

ಬರೆದು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ನಂತರ ಸಂಭಾಷಣೆಗಳನ್ನಷ್ಟೇ ಗಟ್ಟಿಯಾಗಿ ಓದಿ. ಯಾರ ಮಾತೆಂದು ಹೆಸರಿಲ್ಲದೆ ತಿಳಿಯದಿದ್ದರೆ ಆ ಪುಟ ಮತ್ತೆ ಬರೆಯಿರಿ. ಧಾರವಾಡದ ಪಾತ್ರವನ್ನು ಆ ಕಡೆಯವರಿಗೆ, ಮಂಗಳೂರಿನ ಪಾತ್ರವನ್ನು ಅಲ್ಲಿಯವರಿಗೆ ಓದಿಸಿ. “ನಮ್ಮಲ್ಲಿ ಹಿಂಗನ್ನಂಗಿಲ್ಲ” ಎಂದು ಅವರು ತೋರಿಸಿದ ಸಾಲುಗಳನ್ನು ವಾದ ಮಾಡದೆ ತೆಗೆದುಹಾಕಿ.