ಗ್ಯಾಸ್ ತುಂಬಿಸುವ ಮೊದಲು ಫ್ಯಾನ್ ನೋಡಿ

ಕಳೆದ ಏಪ್ರಿಲ್‌ನಲ್ಲಿ ಅಮ್ಮನನ್ನು ಕಣ್ಣು ತೋರಿಸಲು ಸುಂಟಿಕೊಪ್ಪದಿಂದ ಮೈಸೂರಿಗೆ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದೆ. ಆನೆಕಾಡು ಇಳಿದು ಕುಶಾಲನಗರ ದಾಟುವವರೆಗೂ ಏಸಿ ಚೆನ್ನಾಗಿತ್ತು. ಹುಣಸೂರು ರಸ್ತೆಯಲ್ಲೂ ತಂಪು. ಮೈಸೂರಿನ ಮೊದಲ ಸಿಗ್ನಲ್‌ನಲ್ಲಿ ನಿಂತೆವು ನೋಡಿ, ಎರಡೇ ನಿಮಿಷದಲ್ಲಿ ಬಿಸಿ ಗಾಳಿ. ಗಾಡಿ ಹೊರಟ ಮೇಲೆ ಮತ್ತೆ ತಂಪು. "ಮಗಾ, ಕಿಟಕಿ ಇಳಿಸು, ಉಸಿರು ಕಟ್ತಾ ಇದೆ" ಅಂದರು ಅಮ್ಮ. ಆಸ್ಪತ್ರೆ ತಲುಪುವಷ್ಟರಲ್ಲಿ ಅವರ ಸೆರಗು ಬೆವರಿಗೆ ಒದ್ದೆಯಾಗಿತ್ತು. ನನಗೆ ತುಂಬಾ ಬೇಜಾರಾಯಿತು. ಯಾಕೆಂದರೆ ಒಂದು ವರ್ಷದಲ್ಲಿ ಎರಡು ಸಲ ಇದೇ ಏಸಿಗೆ ಗ್ಯಾಸ್ ತುಂಬಿಸಿದ್ದೆ. ತುಂಬಿಸಿದವರು ಬಾನೆಟ್ ಒಳಗಿನ ಫ್ಯಾನ್ ತಿರುಗುತ್ತಿದೆಯಾ ಅಂತ ನೋಡಲಿಲ್ಲ. ನಾನೂ ಕೇಳಲಿಲ್ಲ.

ಗ್ಯಾಸ್ ಕಡಿಮೆಯಿದ್ದರೆ ಓಡುವಾಗಲೂ ತಂಪು ಕಮ್ಮಿ ಇರುತ್ತೆ. ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಏಸಿಯ ಗ್ಯಾಸನ್ನು ಒತ್ತುವ ಪಂಪೇ ಕಂಪ್ರೆಸರ್. ಅದು ಒತ್ತಿದ ಗ್ಯಾಸ್ ಕೈ ಸುಡುವಷ್ಟು ಬಿಸಿಯಾಗಿ ಕಂಡೆನ್ಸರ್‌ಗೆ ಬರುತ್ತೆ. ರೇಡಿಯೇಟರ್ ಮುಂದೆ ತೆಳ್ಳಗೆ ಹಲಗೆಯ ಹಾಗೆ ಕಾಣುವುದೇ ಕಂಡೆನ್ಸರ್. ಆ ಬಿಸಿಯನ್ನು ಹೊರಗೆ ಹಾಕುವ ಕೆಲಸ ಓಡುವಾಗ ಎದುರುಗಾಳಿಯದು, ನಿಂತಾಗ ಫ್ಯಾನಿನದು. ಕೊಡಗಿನ ಚಳಿಯಲ್ಲಿ, ಸಿಗ್ನಲ್ಲೇ ಇಲ್ಲದ ನಮ್ಮ ರಸ್ತೆಗಳಲ್ಲಿ ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಬಯಲುಸೀಮೆಗೆ ಇಳಿದ ಮೇಲೇ ಬಣ್ಣ ಬಯಲಾಗುವುದು.

ಮರುದಿನ ಮಧ್ಯಾಹ್ನ ಕಾಫಿ ಕಣದಲ್ಲೇ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಇಂಜಿನ್ ಚಾಲೂ ಮಾಡಿ ಏಸಿ ಹಾಕಿದೆ. ಕಂಪ್ರೆಸರ್ ಕ್ಲಚ್ ಟಕ್ ಅಂತ ಹಿಡಿಯಿತು. ನನ್ನ ಕಾರಿನಲ್ಲಿ ಕಂಪ್ರೆಸರ್ ಹಿಡಿದರೆ ಫ್ಯಾನೂ ತಿರುಗಬೇಕು. ಅದು ಅಲುಗಾಡಲಿಲ್ಲ. ಐದು ನಿಮಿಷಕ್ಕೆ ಒಳಗೆ ಗಾಳಿ ಬೆಚ್ಚಗಾಯಿತು. ಆಗ ಒಂದು ಚೆಂಬು ನೀರನ್ನು ಮುಂದಿನ ಜಾಲರಿಯ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ಸುರಿದೆ. ಒಂದು ನಿಮಿಷದೊಳಗೆ ಒಳಗಿನ ಗಾಳಿ ತಣ್ಣಗಾಯಿತು. ಗ್ಯಾಸೂ ಇದೆ, ಕಂಪ್ರೆಸರೂ ಒತ್ತುತ್ತಿದೆ, ಬಿಸಿ ಹೊರಗೆ ಹೋಗುತ್ತಿಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು. ನೀರು ಕಂಡೆನ್ಸರ್ ಮೇಲೆ ಮಾತ್ರ ಹಾಕಿ, ಬಿಸಿ ಇಂಜಿನ್ ಮೇಲೆ ಬೇಡ.

ಫ್ಯಾನಿನ ಫ್ಯೂಸ್ ಸರಿಯಿತ್ತು. ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಜಾಗಕ್ಕೆ ಅದೇ ನಂಬರಿನ ಹಾರ್ನ್ ರಿಲೇ ಹಾಕಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಫ್ಯಾನಿನ ಕಪ್ಲರ್, ಅಂದರೆ ವೈರ್ ಸೇರಿಸುವ ಪ್ಲಗ್, ಬಿಚ್ಚಿ ವೋಲ್ಟ್ ಅಳೆಯುವ ಮೀಟರ್ ಇಟ್ಟರೆ 13.6 ವೋಲ್ಟ್ ಬರುತ್ತಿತ್ತು. ಕಪ್ಲರ್ ಮತ್ತೆ ಹಾಕಿ, ಉದ್ದದ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರ್ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ಫ್ಯಾನ್ ಒಮ್ಮೆ ನಡುಗಿ ತಿರುಗಲು ಶುರುವಾಯಿತು. ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಸವೆದಿದೆ ಅಂತ ಅರ್ಥ. ಇಲ್ಲಿ ಒಂದು ಮಾತು: ಹಲವು ಕಾರುಗಳಲ್ಲಿ ಇಂಜಿನ್ ಬಂದ್ ಮಾಡಿದ ಮೇಲೂ ಫ್ಯಾನ್ ತಾನಾಗಿಯೇ ತಿರುಗುತ್ತೆ. ಬ್ಯಾಟರಿಯ ನೆಗೆಟಿವ್ ತೆಗೆಯದೆ ಫ್ಯಾನಿನ ರೆಕ್ಕೆಗೆ ಬೆರಳು ಹಾಕಬೇಡಿ.

ಹೊಸ ಮೋಟಾರ್ ತಂದು ಕೂರಿಸಿದೆ. ತಿರುಗಿತು, ಆದರೆ ಉಸಿರಿಲ್ಲದವನ ಹಾಗೆ. ಗಾಳಿಯ ರಭಸವೇ ಇಲ್ಲ. ನನ್ನ ಕೆಲಸ ಅರ್ಧವೇ ಆಗಿತ್ತು. ಕುಶಾಲನಗರದಲ್ಲಿ ವೈರಿಂಗ್ ಕೆಲಸ ಮಾಡುವ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣಾ, ಕಪ್ಲರ್ ಬಿಚ್ಚಿ ನೋಡಿದ್ರೆ ಪ್ರಯೋಜನ ಇಲ್ಲ. ಹಾಕಿಟ್ಟು, ಫ್ಯಾನ್ ಓಡ್ತಾ ಇರುವಾಗ ಮೀಟರ್ ಇಡಿ" ಅಂದ. ಕಪ್ಲರಿನ ಹಿಂದಿನಿಂದ ವೈರಿಗೆ ತಾಗುವಂತೆ ಗುಂಡುಸೂಜಿ ತೂರಿಸಿ ಮೋಟಾರ್ ಕಡೆ ಅಳೆದೆ. 9.8 ವೋಲ್ಟ್! ಸುಮಾರು 4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿದೆ. ಎರಡು ಪಿನ್ನಿನಲ್ಲಿ ಒಂದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಅದರ ಸುತ್ತ ಪ್ಲಾಸ್ಟಿಕ್ ಕರಗಿ ಓರೆಯಾಗಿತ್ತು. ಹಳೇ ಮೋಟಾರ್ ಬಿಗಿಯಾಗಿ ಕರೆಂಟ್ ಜಾಸ್ತಿ ಎಳೆದಿದೆ, ಪಿನ್ ಕಾದು ಸಡಿಲವಾಗಿದೆ, ಸಡಿಲವಾದ್ದರಿಂದ ಇನ್ನೂ ಕಾದಿದೆ. ಮೋಟಾರ್ ಕರೆಂಟ್ ಎಳೆಯದೆ ಇರುವಾಗ ಅಂಥ ಪಿನ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತೆ. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ವೈರ್ ಸಮೇತ ಹೊಸ ಕಪ್ಲರ್ ಬೆಸುಗೆ ಹಾಕಿದೆ. ಈಗ ಫ್ಯಾನ್ ಓಡುವಾಗ 13.2 ವೋಲ್ಟ್. ಫ್ಯಾನ್ ಸದ್ದು ಕಣದ ಆಚೆ ತುದಿಗೂ ಕೇಳಿಸಿತು.

ಫ್ಯಾನ್ ಸರಿಯಾದರೂ ಒಂದು ಕೆಲಸ ಬಾಕಿ ಇತ್ತು. ಎರಡು ಸಲ ಅಂದಾಜಿನಲ್ಲಿ ತುಂಬಿಸಿದ ಗ್ಯಾಸ್ ಎಷ್ಟಿದೆಯೋ ಯಾರಿಗೆ ಗೊತ್ತು? ಜಾಸ್ತಿ ಗ್ಯಾಸ್ ಇದ್ದರೂ ಒತ್ತಡ ಏರಿ ತಂಪು ಕೆಡುತ್ತೆ, ಕಂಪ್ರೆಸರ್ ಮೇಲೆ ಹೊರೆ ಬೀಳುತ್ತೆ. ತೂಕ ಹಾಕುವ ಮೆಷಿನ್ ಇರುವ ಅಂಗಡಿ ಹುಡುಕಿಕೊಂಡು ಹೋದೆ. ಬಾನೆಟ್ ಒಳಗಿನ ಚೀಟಿಯಲ್ಲಿ 380 ಗ್ರಾಂ ಅಂತ ಬರೆದಿದೆ. ಮೆಷಿನ್ ಹೊರತೆಗೆದದ್ದು 510 ಗ್ರಾಂ. ಚೀಟಿಯಷ್ಟೇ ತುಂಬಿಸಿದ ಮೇಲೆ, ಗಾಡಿ ನಿಂತೇ ಇದ್ದರೂ ಗೇಜಿನಲ್ಲಿ ಕೆಳಗಿನ ಒತ್ತಡ 35 ಪಿಎಸ್ಐ, ಮೇಲಿನದು 210ರ ಆಸುಪಾಸು, ಎರಡೂ ಸರಿಯಾಗಿದ್ದವು. ಒಳಗೆ ಗಾಳಿ ಬರುವಲ್ಲಿ ಥರ್ಮಾಮೀಟರ್ ಇಟ್ಟರೆ 9 ಡಿಗ್ರಿ.

ನಮ್ಮವರು "ಕೊಡಗಲ್ಲಿ ಏಸಿ ಯಾಕೆ" ಅಂತ ಬೇಸಿಗೆ ಬಿಟ್ಟು ಮುಟ್ಟುವುದೇ ಇಲ್ಲ. ಆದರೆ ಜುಲೈ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಬೇಗ ಬಿಡಿಸುವುದು ಏಸಿಯೇ ಅಲ್ವಾ? ಗ್ಯಾಸಿನ ಜೊತೆ ಎಣ್ಣೆಯೂ ಓಡಾಡಬೇಕು, ಇಲ್ಲದಿದ್ದರೆ ಕಂಪ್ರೆಸರಿನ ಸೀಲ್ ಒಣಗಿ ಗ್ಯಾಸ್ ಸೋರುತ್ತೆ. ಹಾಗಾಗಿ ನಾನು ವಾರಕ್ಕೆ ಹತ್ತು ನಿಮಿಷವಾದರೂ ಹಾಕುತ್ತೇನೆ. ಮಳೆಗಾಲಕ್ಕೆ ಮೊದಲು ಒಮ್ಮೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡುತ್ತೇನೆ. ಈ ಸಲ ಅಲ್ಲಿಂದ ಒಂದು ಹಿಡಿ ಸಿಲ್ವರ್ ಓಕ್ ಎಲೆ ಮತ್ತು ಇಲಿ ತಂದಿಟ್ಟ ಕಾಫಿ ಸಿಪ್ಪೆ ಸಿಕ್ಕಿತು.