ಭಾರ ಎತ್ತಿ, ಉಸಿರು ಕಟ್ಟಬೇಡಿ

ಜಿಮ್‌ಗೆ ಸೇರಿದ ಮೊದಲ ವಾರವೇ ಲೆಗ್ ಪ್ರೆಸ್‌ಗೆ (ಕಾಲಿನಿಂದ ಭಾರ ತಳ್ಳುವ ಯಂತ್ರ) ಸಿಕ್ಕಷ್ಟು ತೂಕದ ಪ್ಲೇಟ್ ತುಂಬುತ್ತಾರೆ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಎದ್ದ ಕೂಡಲೇ ಗೋಡೆ ಹಿಡಿದು ನಿಲ್ಲುತ್ತಾರೆ. ಆಮೇಲೆ, ‘ಜಿಮ್ ಮಾಡಿದ್ರೆ ಮೂಡ್ ಚೆನ್ನಾಗಿರುತ್ತೆ ಅಂದ್ರು, ನಂಗೆ ಸಿಡುಕೇ ಜಾಸ್ತಿ ಆಯ್ತು’ ಅಂತ ದೂರು ಬೇರೆ! ಎಡವಟ್ಟಾಗುವುದು ತೂಕದಲ್ಲಿ.

ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡರೆ ಸಾಕು.

ಈಗ ತೂಕ. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರವನ್ನು ಎತ್ತಿ ನೋಡಲು ಹೋಗಬೇಡಿ, ಲೆಕ್ಕ ಹಾಕಿ. 30 ಕೆ.ಜಿ.ಯನ್ನು ಕಷ್ಟಪಟ್ಟು 10 ಸಲ ಎತ್ತಿದಿರಿ ಅನ್ನಿ. 10ನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. ಗರಿಷ್ಠ ಸುಮಾರು 40 ಕೆ.ಜಿ. (ಈ 30ರ ಭಾಗಾಕಾರ ಎಲ್ಲ ತೂಕಕ್ಕೂ ಒಂದೇ.) ಅದರ ಶೇ 60ರಿಂದ 70, ಅಂದರೆ 24ರಿಂದ 28 ಕೆ.ಜಿ. ನೀವು ಎತ್ತಬೇಕಾದ ತೂಕ. ಒಂದು ಸೆಟ್ (ನಡುವೆ ನಿಲ್ಲದೆ ಎತ್ತುವ ಒಂದು ಸುತ್ತು) ಮುಗಿದಾಗ ‘ಇನ್ನೂ ಮೂರ್ನಾಲ್ಕು ಎತ್ತಬಹುದಿತ್ತು’ ಅನ್ನಿಸಬೇಕು. ಆತಂಕ ಇಳಿದು ಮನಸ್ಸು ಹಗುರಾಗುವುದು ಹೆಚ್ಚಾಗಿ ಈ ಮಧ್ಯಮ ತೂಕದಲ್ಲೇ. ತೀರಾ ಭಾರ ಎತ್ತಿದ ಮೇಲೆ ಸ್ವಲ್ಪ ಹೊತ್ತು ಆತಂಕ ಏರುವುದೂ ಉಂಟು.

ಎಲ್ಲರೂ ಕೆಡಿಸಿಕೊಳ್ಳುವುದು ಉಸಿರಲ್ಲಿ. 1985ರಲ್ಲಿ ಕೆನಡಾದ ಸಂಶೋಧಕರು ಐವರು ಪಳಗಿದ ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳಕ್ಕೇ ನಳಿಕೆ ಇಟ್ಟು ಒತ್ತಡ ಅಳೆದರು. ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250! ಒಬ್ಬರದ್ದು 480/350 ದಾಟಿತ್ತು. ಬಿಗಿದ ಸ್ನಾಯು ರಕ್ತನಾಳವನ್ನು ಹಿಚುಕುತ್ತದೆ. ಉಸಿರು ಕಟ್ಟಿದರೆ ಎದೆಗೂಡಿನ ಒತ್ತಡವೂ ಅದಕ್ಕೆ ಸೇರುತ್ತದೆ. ಭಾರ ಇಳಿಸಿದ ಕ್ಷಣ ಎಲ್ಲ ದಬಕ್ಕನೆ ಕುಸಿಯುತ್ತದೆ. ಆ ಗೋಡೆ ಹಿಡಿಯುವುದು ಇದಕ್ಕೇ.

ಉಪಾಯ ಸುಲಭ. ಎತ್ತುವಾಗ ಬಾಯಿಬಿಟ್ಟು ಎಣಿಸಿ: ‘ಒಂದೂ... ಎರಡೂ...’ ಮಾತಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ ಅಲ್ವಾ? ಇಳಿಸುವಾಗ ಮೂಗಿನಿಂದ ಎಳೆದುಕೊಳ್ಳಿ. ಪಕ್ಕದವರು ನಕ್ಕರೆ ನಗಲಿ. ಹಿಡಿಕೆಯನ್ನು ಸುಮ್ನೆ ಹಿಂಡಬೇಡಿ, ಅದೂ ಬಿ.ಪಿ. ಏರಿಸುತ್ತದೆ. ಹಗುರ ತೂಕವಾದರೂ ಕೈ ಸೋಲುವವರೆಗೆ ಎತ್ತಿದರೆ ಕೊನೆಯ ಎರಡು ಮೂರು ಸಲದಲ್ಲಿ ಒತ್ತಡ ಜೋರಾಗಿ ಏರುತ್ತದೆ. ‘ಇನ್ನೊಂದು, ಇನ್ನೊಂದು’ ಅಂತ ಹುರಿದುಂಬಿಸುವ ಟ್ರೈನರ್‌ಗೆ ನಗುತ್ತಲೇ ಬೇಡ ಅನ್ನಿ.

ಸೆಟ್‌ಗಳ ನಡುವೆ ಎರಡು ನಿಮಿಷ ವಿರಾಮ. ಮೊಬೈಲ್ ಬ್ಯಾಗಿನಲ್ಲೇ ಇರಲಿ.

ಹುರುಪು ಬರಲಿ ಅಂತ ಜಿಮ್‌ಗೆ ಮುಂಚೆ ಕಲಸಿ ಕುಡಿಯುವ ಪ್ರೀ-ವರ್ಕೌಟ್ ಪುಡಿಯ ಡಬ್ಬ ನನಗಂತೂ ಆಗದು. ಎಷ್ಟೋ ಪುಡಿಗಳ ಒಂದೇ ಚಮಚದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕೆಫೀನ್ ಇರುತ್ತದೆ. ಎದೆ ಡವಡವ ಅನ್ನುವುದನ್ನೇ ಹುರುಪು ಅಂದುಕೊಳ್ಳುತ್ತಾರೆ. ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿದು ಹೋಗಿ.

ಮುಗಿದ ಮೇಲೆ ಧಡಕ್ಕನೆ ಕೂರದೆ ಐದು ನಿಮಿಷ ಓಡಾಡಿ. ಬಿ.ಪಿ. ನೋಡುವ ಚಪಲವಿದ್ದರೆ ಅರ್ಧ ಗಂಟೆ ಬಿಟ್ಟು, ಕೂತು ನೋಡಿ. ಬಹಳ ಜನರಿಗೆ ಆಗ ಎಂದಿಗಿಂತ ತುಸು ಕಡಿಮೆಯೇ ತೋರಿಸುತ್ತದೆ. ಎತ್ತುವಾಗ ಎದೆ ನೋವೋ ಸಿಡಿಯುವ ತಲೆನೋವೋ ಬಂದರೆ ಮಾತ್ರ ಸೆಟ್ ಮುಗಿಸುವ ಹಟ ಬೇಡ, ಅಲ್ಲೇ ಇಳಿಸಿ, ಡಾಕ್ಟರ್ ಹತ್ತಿರ ನಡೆಯಿರಿ.