ಕಬ್ಬಿನ ಸೀಮೆಯ ನೀರಿನಲ್ಲಿ ಹೊಸ ಮಾಲಿನ್ಯಕಾರಕಗಳನ್ನು ಪತ್ತೆಹಚ್ಚಿ ತೂಗಿ ನೋಡುವ ಕ್ರಮ

ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ಯಾವುದಾದರೂ ಹಳ್ಳಿಯ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಗಡಸುತನ, ಕರಗಿದ ಲವಣ, ನೈಟ್ರೇಟ್, ಫ್ಲೋರೈಡ್ ಹಾಗೂ ಕೆಲವು ಸೂಕ್ಷ್ಮಾಣುಗಳ ಅಂಕಿಗಳು ಕಾಣುತ್ತವೆ. ಸುತ್ತಲಿನ ಕಬ್ಬಿನ ಹೊಲಗಳಿಗೆ ಹೊಡೆದ ಕಳೆನಾಶಕದ ಸುದ್ದಿ ಅದರಲ್ಲಿ ಇರುವುದು ಅಪರೂಪ. ಪ್ರಯೋಗಾಲಯವು ನಾವು ಹುಡುಕಲು ಹೇಳಿದ ವಸ್ತುವನ್ನು ಮಾತ್ರ ಹುಡುಕುತ್ತದೆ. ಆದ್ದರಿಂದ ಬಾಟಲಿ ತುಂಬುವ ಮೊದಲೇ ಏನನ್ನು, ಎಲ್ಲಿ, ಯಾವ ಕಾಲದಲ್ಲಿ ಹುಡುಕಬೇಕೆಂದು ಕಾಗದದ ಮೇಲೆ ನಿರ್ಧರಿಸಿಕೊಳ್ಳಬೇಕು. ಇಡೀ ಕೆಲಸದ ಬೆಲೆ ನಿಂತಿರುವುದು ಈ ಹಂತದ ಮೇಲೆ.

ಹೊಸದಾಗಿ ತಲೆದೋರುತ್ತಿರುವ ಮಾಲಿನ್ಯಕಾರಕ ಎಂದರೆ ನಿನ್ನೆ ಮೊನ್ನೆ ತಯಾರಾದ ರಾಸಾಯನಿಕವೆಂದೇ ಅಲ್ಲ. ದಶಕಗಳಿಂದ ಬಳಕೆಯಲ್ಲಿದ್ದರೂ ನಿತ್ಯದ ತಪಾಸಣೆಯ ಪಟ್ಟಿಗೆ ಸೇರದೆ ಉಳಿದದ್ದೂ ಈ ಗುಂಪಿಗೇ ಸೇರುತ್ತದೆ. ಕಬ್ಬು ಮತ್ತು ಗೋವಿನಜೋಳಕ್ಕೆ ಬಳಸುವ ಅಟ್ರಜಿನ್ ಎಂಬ ಕಳೆನಾಶಕ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತೀಯ ಕುಡಿಯುವ ನೀರಿನ ಮಾನಕವಾದ ಐಎಸ್ 10500:2012 ಅಟ್ರಜಿನ್‌ಗೆ ಲೀಟರಿಗೆ 2 ಮೈಕ್ರೊಗ್ರಾಂ ಮಿತಿಯನ್ನು ಹೇಳಿದೆ, ಆದರೆ ಅದು ಮಣ್ಣಿನಲ್ಲಿ ಒಡೆದು ಆಗುವ ಡಿಈಥೈಲ್ ಅಟ್ರಜಿನ್‌ನ ಹೆಸರು ಆ ಪಟ್ಟಿಯಲ್ಲಿಲ್ಲ.

ಮೊದಲಿಗೆ ಊರಿನ ಕೃಷಿ ಪರಿಕರಗಳ ಅಂಗಡಿಯಲ್ಲಿ ಕಳೆದ ಹಂಗಾಮಿನಲ್ಲಿ ಯಾವ ಔಷಧಿಗಳು ಹೆಚ್ಚು ಖರ್ಚಾದವು ಎಂದು ವಿಚಾರಿಸಿ, ಡಬ್ಬಿಯ ಮೇಲಿರುವ ವ್ಯಾಪಾರದ ಹೆಸರನ್ನು ಬಿಟ್ಟು ಮೂಲವಸ್ತುವಿನ ಹೆಸರನ್ನು ಬರೆದುಕೊಳ್ಳಿ. ಕಬ್ಬಿನ ಸೀಮೆಯಲ್ಲಿ ಅಟ್ರಜಿನ್, ಮೆಟ್ರಿಬುಜಿನ್, 2,4-ಡಿ ಸಿಗುತ್ತವೆ. ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಶಿಲೀಂಧ್ರನಾಶಕಗಳು ಮತ್ತು ಬೆಳವಣಿಗೆಯ ಪ್ರಚೋದಕಗಳು ಮುಂದೆ ಬರುತ್ತವೆ. ಬೆಳಗಾವಿಯ ಬಳ್ಳಾರಿ ನಾಲಾದಂತೆ ಪಟ್ಟಣದ ಕೊಳಚೆ ಹೊಲಗಳ ನಡುವೆ ಹರಿಯುವಲ್ಲಿ ಮನುಷ್ಯರು ನುಂಗಿದ ಮಾತ್ರೆಗಳ ಶೇಷವನ್ನೂ ಪಟ್ಟಿಗೆ ಸೇರಿಸಬೇಕು.

ಈ ಪಟ್ಟಿಯನ್ನು ಸೋಸಲು ಗಸ್ ಸೂಚ್ಯಂಕ ಎಂಬ ಸರಳ ಲೆಕ್ಕವಿದೆ. ವಸ್ತುವಿನ ಅರ್ಧಾಯುಷ್ಯದ (ಮಣ್ಣಿನಲ್ಲಿ ಅದರ ಅರ್ಧ ಭಾಗ ಒಡೆಯಲು ಹಿಡಿಯುವ ಕಾಲದ) ದಿನಗಳ ಹತ್ತರ ಆಧಾರದ ಲಾಗರಿದಮ್ ಅನ್ನು, ನಾಲ್ಕರಿಂದ ಕೆಒಸಿ ಎಂಬ ಅಂಟು ಗುಣಾಂಕದ (ವಸ್ತು ಮಣ್ಣಿನ ಸಾವಯವ ಅಂಶಕ್ಕೆ ಎಷ್ಟು ಅಂಟುತ್ತದೆ ಎಂಬ ಅಳತೆಯ) ಲಾಗರಿದಮ್ ಕಳೆದು ಬಂದ ಸಂಖ್ಯೆಯಿಂದ ಗುಣಿಸಬೇಕು. ಅಟ್ರಜಿನ್‌ನ ಅರ್ಧಾಯುಷ್ಯವನ್ನು 60 ದಿನ, ಕೆಒಸಿಯನ್ನು 100 ಎಂದು ಹಿಡಿದರೆ 1.78 ಅನ್ನು 2ರಿಂದ ಗುಣಿಸಿ 3.56 ಸಿಗುತ್ತದೆ. 2.8 ದಾಟಿದ ವಸ್ತು ನೀರಿನೊಂದಿಗೆ ಕೆಳಗಿಳಿಯುವ ಸ್ವಭಾವದ್ದು, 1.8ಕ್ಕಿಂತ ಕೆಳಗಿದ್ದದ್ದು ಮಣ್ಣಿನಲ್ಲೇ ಉಳಿಯುವಂಥದ್ದು. ಅರ್ಧಾಯುಷ್ಯ 30 ದಿನ, ಕೆಒಸಿ ಸುಮಾರು 6,000 ಇರುವ ಕ್ಲೋರ್‌ಪೈರಿಫಾಸ್‌ಗೆ ಇದೇ ಲೆಕ್ಕ 0.33ರ ಆಸುಪಾಸಿಗೆ ಬರುತ್ತದೆ, ಹಾಗಾಗಿ ಅದನ್ನು ಕೊಳವೆಬಾವಿಗಿಂತ ಹಳ್ಳದ ತಳದ ಕೆಸರಿನಲ್ಲಿ ಹುಡುಕುವುದು ಲೇಸು. ಆದರೆ ಈ ಸೂಚ್ಯಂಕಕ್ಕೆ ನಮ್ಮ ಎರೆಭೂಮಿಯ ಸ್ವಭಾವ ಗೊತ್ತಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕುಗಳ ಮೂಲಕ ಮೊದಲ ದೊಡ್ಡ ಮಳೆಯ ನೀರು ಮಣ್ಣಿನ ಕಣಗಳಿಗೆ ತಾಗದೆಯೇ ಆಳಕ್ಕೆ ಇಳಿಯಬಲ್ಲದು. ಜೊತೆಗೆ ಕ್ಷಾರ ಗುಣದ ಮಣ್ಣಿನಲ್ಲಿ ಅಟ್ರಜಿನ್ ನಿಧಾನವಾಗಿ ಒಡೆಯುತ್ತದೆ.

ಆದ್ದರಿಂದ ಮಾದರಿ ತೆಗೆಯುವ ಕಾಲ ಬಹಳ ಮುಖ್ಯ. ಬೇಸಿಗೆಯಲ್ಲಿ ಒಮ್ಮೆ, ಮಿರಗದ ಮಳೆ ಬಿದ್ದು ಹಳ್ಳ ಹರಿದ ಕೂಡಲೇ ಒಮ್ಮೆ, ನಾಟಿಯಾದ ಮೇಲೆ ಕಳೆನಾಶಕ ಹೊಡೆದ ನಂತರದ ಮೊದಲ ನೀರಾವರಿ ಅಥವಾ ಮಳೆಯ ಬಳಿಕ ಒಮ್ಮೆ, ಹೀಗೆ ಕನಿಷ್ಠ ಮೂರು ಸಂದರ್ಭಗಳನ್ನು ಹಿಡಿಯಿರಿ. ಘಟಪ್ರಭೆಯಲ್ಲಿ ಕಬ್ಬಿನ ಪ್ರದೇಶಕ್ಕಿಂತ ಮೇಲೊಂದು, ಕೆಳಗೊಂದು ಜಾಗವನ್ನು ಆರಿಸಿ. ನದಿ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಕಡೆ ಆಲಮಟ್ಟಿಯ ಹಿನ್ನೀರು ನಿಂತಿರುವುದರಿಂದ ಅಲ್ಲಿ ತೆಗೆದ ಮಾದರಿಯಲ್ಲಿ ವಸ್ತು ತೆಳುವಾಗಿ ಹರಡಿರುತ್ತದೆ. ಆ ಒಂದು ಫಲಿತಾಂಶವನ್ನು ನಂಬಿ ನಿರಾಳವಾಗಬಾರದು. ಕೊಳವೆಬಾವಿಯಾದರೆ ಪಂಪು ಹಾಕಿ ನೀರನ್ನು ಹರಿಯಬಿಟ್ಟು, ವಿದ್ಯುತ್ ವಾಹಕತೆ ಮತ್ತು ಪಿಎಚ್ ಅಂಕಿಗಳು ಸ್ಥಿರವಾದ ಮೇಲಷ್ಟೇ ಬಾಟಲಿ ಹಿಡಿಯಬೇಕು.

ಕಳೆನಾಶಕಗಳಿಗೆ ಒಂದು ಲೀಟರಿನ ಕಂದು ಬಣ್ಣದ ಗಾಜಿನ ಬಾಟಲಿ ಬೇಕು. ಪಿಎಫ್‌ಎಎಸ್ ಎಂಬ ಒಡೆಯದ ಫ್ಲೋರಿನ್ ಸಂಯುಕ್ತಗಳನ್ನು ಹುಡುಕುವುದಾದರೆ ಅವು ಗಾಜಿಗೆ ಅಂಟುವುದರಿಂದ ಪಾಲಿಪ್ರೊಪಿಲೀನ್ ಬಾಟಲಿಯನ್ನೇ ಬಳಸಿ, ಟೆಫ್ಲಾನ್ ಮುಚ್ಚಳವನ್ನು ದೂರವಿಡಿ. ಮಾದರಿ ತೆಗೆಯುವವರ ಕೈ ಕೂಡ ಮಾಲಿನ್ಯದ ಮೂಲವಾಗಬಲ್ಲದು. ಸೊಳ್ಳೆ ಮುಲಾಮು ಹಚ್ಚಿದ ಬೆರಳು ಮುಚ್ಚಳದ ಒಳಬದಿಗೆ ತಾಗಿದರೆ ಡೀಟ್ ಎಂಬ ವಸ್ತು ನದಿಯಲ್ಲಿ ಇಲ್ಲದಿದ್ದರೂ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೊಳಚೆಯ ಗುರುತಾಗಿ ಕೆಫೀನ್ ಅನ್ನು ಅಳೆಯುವ ದಿನ ದಂಡೆಯ ಮೇಲೆ ಚಹಾ ಕುಡಿಯುವುದೂ ಬೇಡ. ಪ್ರಯೋಗಾಲಯದ ಶುದ್ಧ ನೀರನ್ನು ಜೊತೆಗೆ ಒಯ್ದು, ನದಿಯ ದಂಡೆಯಲ್ಲೇ ಇನ್ನೊಂದು ಬಾಟಲಿಗೆ ಸುರಿದು, ಉಳಿದವುಗಳೊಂದಿಗೆ ಕಳುಹಿಸಿ. ಈ ಖಾಲಿ ಮಾದರಿಯಲ್ಲಿ ಏನಾದರೂ ಸಿಕ್ಕರೆ ಅದು ನದಿಯದ್ದಲ್ಲ, ನಮ್ಮ ಕೈಯದ್ದು. ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಿಸಿ ಬೇಗನೆ ತಲುಪಿಸಬೇಕು. ನಲ್ಲಿಯ ನೀರಾದರೆ ಉಳಿಕೆ ಕ್ಲೋರಿನ್ ಅನ್ನು ತಣಿಸಲು ಯಾವ ವಸ್ತು ಹಾಕಬೇಕೆಂದು ಪ್ರಯೋಗಾಲಯವನ್ನು ಮೊದಲೇ ಕೇಳಿಕೊಳ್ಳಿ.

ಹಣ ಕಡಿಮೆಯಿದ್ದರೆ ಪ್ರತಿಕಾಯಗಳ ನೆರವಿನಿಂದ ವಸ್ತುವನ್ನು ಗುರುತಿಸುವ ಎಲೈಸಾ ಕಿಟ್‌ನಿಂದ ಮೊದಲ ಸುತ್ತಿನ ಜರಡಿ ಹಿಡಿಯಬಹುದು, ಆದರೆ ಅದು ಅಟ್ರಜಿನ್‌ನ ಸೋದರ ಸಂಯುಕ್ತಗಳಿಗೂ ಸ್ಪಂದಿಸುತ್ತದೆ. ಖಚಿತ ಉತ್ತರಕ್ಕೆ ವಸ್ತುಗಳನ್ನು ಬೇರ್ಪಡಿಸುವ ದ್ರವ ಕ್ರೊಮ್ಯಾಟೊಗ್ರಫಿ ಮತ್ತು ಅವುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಜೋಡಿ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಅಲ್ಲಿ 216 ದ್ರವ್ಯರಾಶಿಯ ಅಟ್ರಜಿನ್ ಅಯಾನು ಒಡೆದು 174ರ ತುಣುಕಾಗುವುದನ್ನೂ ಮತ್ತೊಂದು ತುಣುಕನ್ನೂ ನೋಡಿ, ಎರಡರ ಅನುಪಾತ ಶುದ್ಧ ಮಾದರಿಯದಕ್ಕೆ ಹೊಂದಿದರೆ ಮಾತ್ರ ವಸ್ತು ಇದೆ ಎನ್ನುತ್ತಾರೆ. ವರದಿಯೊಂದಿಗೆ ಚೇತರಿಕೆಯ ಪ್ರಮಾಣವನ್ನೂ ಪರಿಮಾಣ ಮಿತಿಯನ್ನೂ (ಆ ವಿಧಾನ ನಂಬಿಕೆಯಿಂದ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣವನ್ನೂ) ಕೇಳಿ ಪಡೆಯಿರಿ. ತಿಳಿದೇ ಬೆರೆಸಿದ ವಸ್ತುವಿನ ಶೇ. 70ರಿಂದ 120ರಷ್ಟು ಮರಳಿ ಸಿಗಬೇಕು. ಪರಿಮಾಣ ಮಿತಿಯೇ 1 ಮೈಕ್ರೊಗ್ರಾಂ ಆಗಿರುವ ವಿಧಾನದಲ್ಲಿ "ಪತ್ತೆಯಾಗಿಲ್ಲ" ಎಂದು ಬರೆದರೆ ಅದರಿಂದ 0.5 ಮೈಕ್ರೊಗ್ರಾಂ ಇಲ್ಲವೆಂದು ಸಾಬೀತಾಗುವುದಿಲ್ಲ.

ಡಿಈಥೈಲ್ ಅಟ್ರಜಿನ್ ಅನ್ನೂ ಅಳೆಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅದನ್ನು ಅಟ್ರಜಿನ್‌ನಿಂದ ಭಾಗಿಸಿ ಬರುವ ಮೋಲ್ ಅನುಪಾತವು (ತೂಕದ ಬದಲು ಅಣುಗಳ ಸಂಖ್ಯೆಯ ಅನುಪಾತವು) ಒಂದಕ್ಕಿಂತ ಬಹಳ ಕಡಿಮೆಯಿದ್ದರೆ ಕಳೆನಾಶಕ ಇತ್ತೀಚಿನದು, ಹೊಲದಿಂದ ನೇರವಾಗಿ ಅಥವಾ ಬಿರುಕುಗಳ ಮೂಲಕ ಬೇಗನೆ ಬಂದಿದೆ ಎಂದು ಊಹಿಸಬಹುದು. ಒಂದನ್ನು ಮೀರಿದರೆ ಅದು ಮಣ್ಣಿನ ಸೂಕ್ಷ್ಮಜೀವಿಗಳ ನಡುವೆ ಬಹುಕಾಲ ಇದ್ದು ನಿಧಾನವಾಗಿ ಇಳಿದಿರುವ ಸಾಧ್ಯತೆ ಹೆಚ್ಚು. ಮೊದಲನೆಯದಕ್ಕೆ ಬಾವಿಯ ಕಟ್ಟೆ ಮತ್ತು ಕೇಸಿಂಗ್ ದುರಸ್ತಿ ಮಾಡುವುದು ಉಪಯೋಗಕ್ಕೆ ಬಂದೀತು; ಎರಡನೆಯದಕ್ಕೆ ಬಳಕೆಯನ್ನೇ ಇಳಿಸದೆ ದಾರಿಯಿಲ್ಲ. ಅದೇ ಮಾದರಿಯಲ್ಲಿ ಮೂರ್ಛೆರೋಗದ ಔಷಧಿಯಾದ ಕಾರ್ಬಮಜೆಪಿನ್ ಅಥವಾ ಕೃತಕ ಸಿಹಿಯಾದ ಸುಕ್ರಲೋಸ್ ಸಿಕ್ಕರೆ ಮನೆಗಳ ಕೊಳಚೆಯೂ ಬೆರೆತಿದೆ ಎಂದು ತಿಳಿಯಬೇಕು.

ಇನ್ನು ಅಂಕಿಯನ್ನು ತೂಗುವ ಕೆಲಸ. ಉದಾಹರಣೆಗಾಗಿ, ಒಂದು ಮಾದರಿಯಲ್ಲಿ ಲೀಟರಿಗೆ 1.2 ಮೈಕ್ರೊಗ್ರಾಂ ಅಟ್ರಜಿನ್ ಬಂತೆಂದು ಭಾವಿಸೋಣ. ಭಾರತೀಯ ಮಾನಕದ ಪ್ರಕಾರ ಅದು ಮಿತಿಯೊಳಗಿದೆ. ಒಡೆದ ಉತ್ಪನ್ನಗಳನ್ನೂ ಕೂಡಿಸಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮೌಲ್ಯ 100 ಮೈಕ್ರೊಗ್ರಾಂ. ಐರೋಪ್ಯ ಒಕ್ಕೂಟದಲ್ಲಾದರೆ ಯಾವುದೇ ಒಂದು ಕೀಟನಾಶಕ ಅಥವಾ ಕಳೆನಾಶಕಕ್ಕೆ 0.1 ಮೈಕ್ರೊಗ್ರಾಂ ಎಂಬ ಮುನ್ನೆಚ್ಚರಿಕೆಯ ಮಿತಿಯಿರುವುದರಿಂದ ಇದು ಹನ್ನೆರಡು ಪಟ್ಟು. ನದಿಯ ಜೀವಿಗಳ ದೃಷ್ಟಿಯಿಂದ ಅಲ್ಲಿನ ವಾರ್ಷಿಕ ಸರಾಸರಿ ಮಾನಕ 0.6, ಒಮ್ಮೆಯ ಗರಿಷ್ಠ 2.0. ಮಾದರಿಯ ಅಂಕಿಯನ್ನು 0.6ರಿಂದ ಭಾಗಿಸಿದರೆ ಅಪಾಯದ ಅನುಪಾತ 2 ಆಗುತ್ತದೆ, ಒಂದನ್ನು ದಾಟಿದ ಮೇಲೆ ಕಾಳಜಿ ವಹಿಸಬೇಕು. ಆದರೆ ಒಂದೇ ದಿನದ ಮಾದರಿಯನ್ನು ವರ್ಷದ ಸರಾಸರಿಯೊಂದಿಗೆ ಹೋಲಿಸಿ ತೀರ್ಪು ಕೊಡುವುದು ತಪ್ಪು, ತಿಂಗಳಿಗೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಒಂದೇ ನೀರಿನಲ್ಲಿ ಹಲವು ಕಳೆನಾಶಕಗಳಿದ್ದರೆ ಪ್ರತಿಯೊಂದರ ಅನುಪಾತವನ್ನೂ ಕೂಡಿಸಿ ನೋಡಿ. ಬಿಡಿಬಿಡಿಯಾಗಿ ಎಲ್ಲವೂ ಪಾಸಾದ ನೀರು ಒಟ್ಟಾಗಿ ಒಂದನ್ನು ಮೀರಬಹುದು.

ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೆ ಕೊಡುವಾಗ ಮಾದರಿ ತೆಗೆದ ಜಾಗ, ದಿನಾಂಕ, ಹಿಂದಿನ ವಾರದ ಮಳೆ, ಖಾಲಿ ಮಾದರಿಯ ಫಲಿತಾಂಶ, ಪರಿಮಾಣ ಮಿತಿ ಇವೆಲ್ಲವನ್ನೂ ಸೇರಿಸಿ. ನೀರನ್ನು ಕುದಿಸಿದರೆ ಅಟ್ರಜಿನ್ ಹೋಗುವುದಿಲ್ಲವೆಂಬುದನ್ನು ಮನೆಮನೆಗೂ ತಿಳಿಸಬೇಕು. ಸಕ್ರಿಯ ಇಂಗಾಲದ ಸೋಸುಕ ಅದನ್ನು ಹಿಡಿಯುತ್ತದೆ, ಆದರೆ ಇಂಗಾಲ ತುಂಬಿಹೋದ ಮೇಲೆ ಹಿಡಿಯುವುದಿಲ್ಲ. ಹಾಗಾಗಿ ಊರಿನ ಶುದ್ಧ ನೀರಿನ ಘಟಕದಲ್ಲಿ ಒಳಬರುವ ಮತ್ತು ಹೊರಹೋಗುವ ನೀರನ್ನು ಒಂದೇ ದಿನ ಎರಡು ಬಾಟಲಿಗಳಲ್ಲಿ ತೆಗೆದು, ಎರಡನ್ನೂ ಅದೇ ವಿಧಾನದಲ್ಲಿ ಪರೀಕ್ಷಿಸಿ, ಮುಂದಿನ ನಾಟಿಯ ಹಂಗಾಮಿನಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಿ.